ಇಳಿಜಾರಿನಲ್ಲಿ ನಿಂತ ಜೀಪಿನ ಎಣ್ಣೆ

2018ರಲ್ಲಿ ನಾನು ಸಂಡೂರಿನ ಬಳಿ ಗಣಿ ಗುತ್ತಿಗೆದಾರರೊಬ್ಬರ ವಾಹನ ವಿಭಾಗಕ್ಕೆ ಮೇಲ್ವಿಚಾರಕಿಯಾಗಿ ಸೇರಿದೆ. ಹೊಸಪೇಟೆಯ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ಕೈ ಕಪ್ಪು ಮಾಡಿಕೊಂಡವಳು ನಾನು. ಆದರೂ ಹೆಂಗಸು ಇಂಜಿನ್ ನೋಡುತ್ತಾಳಂತೆ ಎಂಬ ನಗು ಮೊದಲ ದಿನವೇ ಕಿವಿಗೆ ಬಿತ್ತು. ನಗಲಿ ಎಂದು ಬಿಟ್ಟೆ.

ಒಂದು ವಾರವೂ ಕಳೆದಿರಲಿಲ್ಲ, ಸಿಬ್ಬಂದಿಯನ್ನು ಕರೆದೊಯ್ಯುವ ಜೀಪೊಂದು ಹೊಸಪೇಟೆ ಕಡೆಯ ಘಾಟಿಯಲ್ಲಿ ಕೈಕೊಟ್ಟಿತು. ಎಣ್ಣೆ ಸಾಲದೆಂದು ಎಚ್ಚರಿಸುವ ಕೆಂಪು ದೀಪ ಹೊತ್ತಿದ ಕೂಡಲೇ ಚಾಲಕ ಹುಲುಗಪ್ಪ ಇಂಜಿನ್ ಆರಿಸಿದ್ದ. ಅಷ್ಟರಲ್ಲಿ ಇಂಜಿನ್ನಿನೊಳಗಿನ ಬೇರಿಂಗ್ ಒಣಗಿ ಬಿಗಿದುಕೊಂಡಿತ್ತು. ಎಳೆದು ತಂದ ಗಾಡಿಯನ್ನು ಪೂರ್ತಿ ನೋಡಿದೆ. ಎಲ್ಲೂ ಸೋರಿರಲಿಲ್ಲ. ಉಳಿದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿದಾಗ ಲೋಹದ ಪುಡಿ ತಾಗಿತು. ನೀರು ಬೆರೆತಿದ್ದರೆ ಹಾಲು ಹಾಕಿದ ಚಹಾದಂತೆ ಕಾಣಬೇಕಿತ್ತು, ಅದೂ ಇರಲಿಲ್ಲ. ಹಳೆಯ ಇಂಜಿನ್ ದಿನಾ ಒಂದಿಷ್ಟು ಎಣ್ಣೆ ಸುಡುತ್ತದೆ. ಅದು ಇಷ್ಟು ಇಳಿಯುವ ತನಕ ಯಾರಿಗೂ ಗೊತ್ತಾಗಲಿಲ್ಲವೇಕೆ?

ನಮ್ಮ ವಿಭಾಗದ ಮ್ಯಾನೇಜರರಿಗೆ ಆ ಪ್ರಶ್ನೆಯೇ ಬೇಕಿರಲಿಲ್ಲ. "ಸೋರಿಲ್ಲಂದ್ರ ಎಣ್ಣಿ ಎಲ್ಲಿ ಹೋತು? ಅಂವನ ಮಾರ್ಕೊಂಡಾನ. ನೀವೂ ಹಂಗ ಹೇಳ್ರಿ ಮೇಡಂ, ನಾಳೆಯಿಂದ ಅಂವ ಬರೋದು ಬ್ಯಾಡ."

ಹುಲುಗಪ್ಪ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನವನು. "ದಿನಾ ಮುಂಜಾನೆ ಎಣ್ಣಿ ಕಡ್ಡಿ ಎಳ್ದು ನೋಡೀನ್ರಿ ಮೇಡಂ, ಫುಲ್ ಇರ್ತಿತ್ತು. ಕೆಲ್ಸ ಹೋದ್ರ ಹೋಗ್ಲಿ, ಕಳ್ಳ ಅನ್ನಿಸ್ಕೊಂಡು ಊರಿಗೆ ಹೆಂಗ ಹೋಗ್ಲಿ?"

"ಎಲ್ಲಿ ನಿಲ್ಸಿ ನೋಡ್ತಿದ್ದೆಪ್ಪಾ?"

"ಅಲ್ಲೇ ಇಳಿಜಾರಿನ್ಯಾಗ್ರಿ. ಎಲ್ಲಾರೂ ಅಲ್ಲೇ ನೋಡ್ತೀವಿ."

ನನ್ನ ಮೈ ಉರಿಯಿತು. ಬ್ಯಾಟರಿಗಳೆಲ್ಲ ಸತ್ತಿದ್ದವು. ಹೊಸವು ಕೊಡಿಸುವ ಬದಲು, ಉರುಳಿಸಿ ಸ್ಟಾರ್ಟ್ ಮಾಡಿಕೊಳ್ಳಲಿ ಎಂದು ಮ್ಯಾನೇಜರರೇ ಜೀಪುಗಳನ್ನು ಮೂತಿ ಕೆಳಗಾಗಿ ಇಳಿಜಾರಿನಲ್ಲಿ ನಿಲ್ಲಿಸುವ ಕಟ್ಟಪ್ಪಣೆ ಮಾಡಿದ್ದರು. ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಆ ಇಂಜಿನ್ನಿನ ಮುಂಭಾಗದಲ್ಲಿತ್ತು. ಎಣ್ಣೆಯೆಲ್ಲ ಮುಂದಕ್ಕೆ ಹರಿದು ನಿಂತರೆ ಕಡ್ಡಿ ಸುಳ್ಳು ಹೇಳದೆ ಇನ್ನೇನು ಮಾಡೀತು?

ಮ್ಯಾನೇಜರರನ್ನು ಕರೆದು, ಅದೇ ಮಾದರಿಯ ಇನ್ನೊಂದು ಜೀಪಿನ ಕಡ್ಡಿಯನ್ನು ಇಳಿಜಾರಿನಲ್ಲೇ ಎಳೆದು ತೋರಿಸಿದೆ. ಎಣ್ಣೆ ಮೇಲಿನ ಗೆರೆಯಲ್ಲಿತ್ತು. ಜೀಪನ್ನು ಲಾರಿ ತೂಗುವ ಸಮತಟ್ಟು ಕಟ್ಟೆಗೆ ತರಿಸಿ, ಇಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯುವ ತನಕ ಕಾದು, ಕಡ್ಡಿಯನ್ನು ಒರೆಸಿ ಮತ್ತೆ ಹಾಕಿ ತೆಗೆದೆ. ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ.

"ಕಳ್ಳತನ ಆಗಿಲ್ರಿ ಸರ್. ನಿಮ್ಮ ಪಾರ್ಕಿಂಗ್ ಇಂಜಿನ್ ತಿಂದೈತಿ."

"ನಿಮ್ಗೂ ಈ ಕೆಲ್ಸ ಬ್ಯಾಡೇನು?"

"ಇದ್ರ ಇರ್ಲಿ, ಹೋದ್ರ ಹೋಗ್ಲಿ. ಸುಳ್ಳು ಮಾತ್ರ ಹೇಳಾಂಗಿಲ್ಲ."

ಮರುದಿನ ಬೆಳಿಗ್ಗೆ ಜೀಪುಗಳನ್ನೆಲ್ಲ ಮ್ಯಾನೇಜರರ ಆಫೀಸಿನ ಮುಂದೆ, ಅವರ ಕಾರು ನಿಲ್ಲುವ ಸಪಾಟು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆ. ಅವರು ಗೇಟಿನಲ್ಲೇ ಕಾರು ಬಿಟ್ಟು ನಡೆದು ಬಂದರು.

"ಯಾರು ಹೇಳಿದ್ದು ಇಲ್ಲಿ ನಿಲ್ಸಾಕ?"

"ನಾನೇ ಹೇಳಿದ್ದು. ಲಾರಿ ತೂಗೋ ಕಟ್ಟಿ ಬಿಟ್ರ ಎಣ್ಣಿ ನೋಡಾಕ ಇಲ್ಲಿ ಇದೊಂದೇ ನೆಟ್ಟಗಿರೋ ಜಾಗ. ಹುಲುಗಪ್ಪ ಕಳ್ಳ ಅಲ್ಲಂತ ಎಲ್ಲಾರ ಮುಂದ ಹೇಳ್ರಿ, ಗಾಡಿ ತಳ್ಳಿ ತೆಗೀತೀವಿ."

ಚಾಲಕರು ಯಾರೂ ಕದಲಲಿಲ್ಲ. ಗಣಿಯಿಂದ ಜೀಪು ಕೇಳಿ ಫೋನು ಬರತೊಡಗಿತು. ಕೊನೆಗೆ ಮ್ಯಾನೇಜರರು ನೆಲ ನೋಡುತ್ತ, "ಹುಲುಗಪ್ಪ ಎಣ್ಣಿ ಕದ್ದಿಲ್ಲ" ಎಂದು ಗೊಣಗಿದರು.

ಹಿಂದಿನಿಂದ ಒಬ್ಬ ಕೂಗಿದ: "ಕೇಳಿಸ್ಲಿಲ್ರಿ ಸರ್!"

ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು. ಆಮೇಲೆಯೇ ಹುಲುಗಪ್ಪ ಇನ್ನೊಂದು ಜೀಪಿನ ಕೀಲಿ ಕೈಗೆ ತೆಗೆದುಕೊಂಡ.

ಕಡ್ಡಿಯ ಗೆರೆ ನೋಡುವ ಮೊದಲು ಗಾಡಿ ನಿಂತ ನೆಲ ನೋಡಬೇಕೆಂಬುದು ಡಿಪ್ಲೊಮಾ ಓದುವಾಗಲೇ ನನಗೆ ಗೊತ್ತಿತ್ತು. ಆ ನೆಲ ಓರೆಯಾಗಿದೆ ಎಂದು, ಅದನ್ನು ಓರೆ ಮಾಡಿದವರ ಮುಂದೆಯೇ ನಿಂತು ಹೇಳುವುದನ್ನು ಈ ಕೆಲಸ ಕಲಿಸಿತು.