ಕೆಟ್ಟ ಸುಳಿಯ ಎತ್ತು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಂಚೆಯ ಮೂಲಕ ಎಂ.ಎ. ಓದುತ್ತಿದ್ದೆ. ಪಠ್ಯಕ್ಕೆ ಒಂದು ಹಳೆಯ ರಷ್ಯನ್ ಕಾದಂಬರಿ ಇತ್ತು. ಅದರ ಕನ್ನಡ ಅನುವಾದವನ್ನು ಪಾಂಡವಪುರದಿಂದ ಎರವಲು ತಂದಿದ್ದೆ. ತಪ್ಪು ಮಾಡಿ ಮುಚ್ಚಿಟ್ಟು ಒಳಗೇ ಬೇಯುವವನ ಕಥೆ. ವಸ್ತು, ಧ್ವನಿ, ಪಾತ್ರಚಿತ್ರಣ ಬಿಡಿಸಿ ಬರೆಯಿರಿ ಎಂಬ ಪ್ರಶ್ನೆ ಬರುವುದು ಗ್ಯಾರಂಟಿ ಎಂದು ಸಂಪರ್ಕ ತರಗತಿಯ ಮೇಷ್ಟ್ರು ಹೇಳಿದ್ದರು.

ನಮ್ಮಪ್ಪ ಕೆ.ಆರ್. ಪೇಟೆಯಲ್ಲಿ ಎತ್ತಿನ ಗಾಡಿ ಮಾಡುವ ಆಚಾರಿ. ಅಕ್ಷರ ಬಾರದು. ಕೆಲಸದ ಚಪ್ಪರದಲ್ಲಿ ಕೂತು ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವನು ಮರ ಉಜ್ಜುತ್ತಾ ಕೇಳುತ್ತಿದ್ದ. ನಡುನಡುವೆ ಅವನ ಪ್ರಶ್ನೆಗಳು. ಆ ಕಥೆಯವನಿಗೆ ಊಟ ಸೇರುತ್ತಾ, ನಿದ್ದೆ ಬರುತ್ತಾ, ಅವನ ತಪ್ಪು ಬೇರೆ ಯಾರ ತಲೆಗಾದರೂ ಬಿತ್ತಾ? ಅಬ್ಬಾ, ಎಂಥ ವಿಮರ್ಶಕ ನಮ್ಮಪ್ಪ ಎಂದು ಹಿಗ್ಗಿ ಎಲ್ಲವನ್ನೂ ನೋಟ್ಸಿಗೆ ಇಳಿಸಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಪರೀಕ್ಷೆಯಲ್ಲಿ ಅಪ್ಪನ ಪ್ರಶ್ನೆಗಳೇ ನನ್ನ ಉತ್ತರವಾದವು. ಪಾತ್ರಚಿತ್ರಣದ ಕೆಳಗೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನೂ ಹಾಕಿದೆ. ತಪ್ಪೊಪ್ಪಿಕೊಂಡರೆ ಜೀವ ಹಗುರಾಗುತ್ತದೆ, ಇದೇ ಕೃತಿಯ ವಸ್ತು ಎಂದು ಮುಗಿಸಿದೆ. ಮನೆಗೆ ಬಂದು ಬರೆದದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸಿದೆ. ಅವನು ಉಜ್ಜುಗೊರಡನ್ನು ಕೆಳಗಿಟ್ಟ.

ಹಿಂದಿನ ವರ್ಷ ಹೇಮಗಿರಿ ಕಡೆಯ ಒಬ್ಬ ರೈತನಿಗೆ ಗಾಡಿ ಮಾಡಿಕೊಟ್ಟಿದ್ದನಂತೆ. ಚಕ್ರದ ನಡುವಿನ ಗುಂಬದಲ್ಲಿ ಕೂದಲೆಳೆಯಷ್ಟು ಬಿರುಕು. ರೈತ ಅವತ್ತೇ ಬೇಕು ಎಂದು ಕೂತಿದ್ದ. ಅಪ್ಪ ಮೇಣ, ಮರದ ಪುಡಿ ತುಂಬಿ ಎಣ್ಣೆ ಸವರಿ ಕೊಟ್ಟುಬಿಟ್ಟ. ಮೂರು ತಿಂಗಳಿಗೆ ನಾಲೆ ಏರಿಯ ಮೇಲೆ ಚಕ್ರ ಒಡೆದು ಗಾಡಿ ಮಗುಚಿತು, ರೈತ ಅದರಡಿ ಸತ್ತ. ಅವನ ಮಣ್ಣಿಗೆಂದು ಹೋಗಿದ್ದ ಅಪ್ಪನ ಎದುರಿಗೇ ಊರವರು ಎಡಗಡೆಯ ಎತ್ತಿನ ಹಣೆ ನೋಡಿದರು. ಎರಡು ಸುಳಿ ಇತ್ತು. ಯಜಮಾನನನ್ನು ತಿನ್ನುವ ಎತ್ತು ಎಂದು ತೀರ್ಮಾನವಾಯಿತು.

"ಎಲ್ರೂ ಎತ್ತಿಂದೇ ತಪ್ಪು ಅಂದ್ರು. ನಾನೂ ಊಂ ಅಂದ್ಬುಟ್ಟೆ ಕಣವ್ವ," ಎಂದ ಅಪ್ಪ.

ಆಗ ನೆನಪಾಯಿತು. ಚಪ್ಪರದ ಮುಂದೆ ಯಾರ ಗಾಡಿ ನಿಂತರೂ ಅಪ್ಪ ಮೊದಲು ಎತ್ತಿನ ಹಣೆ ನೋಡುತ್ತಿದ್ದ. ಯಾವ ಗಾಡಿಯೂ ಇಲ್ಲದಾಗ, ಹಾಡುಹಗಲಲ್ಲೇ, ಕೊರಳಗಂಟೆ ಕೇಳಿಸ್ತಾ ಎಂದು ನನ್ನನ್ನು ಕೇಳುತ್ತಿದ್ದ. ಗಾದೆ ಬರೆದ ನನಗೆ ಕಣ್ಣೆದುರಿಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದವನು ಕಂಡಿರಲಿಲ್ಲ.

ಆ ರೈತನ ಹೆಂಡತಿಗೆ ಹೇಳಿಬಿಡು, ಹಗುರಾಗುತ್ತೀಯ ಎಂದೆ. ಪುಸ್ತಕ ಓದಿದ ಜೋರು ನೋಡಿ. ಹೇಳಿದರೆ ನಾಳೆ ಯಾರು ನನ್ನ ಕೈಲಿ ಗಾಡಿ ಮಾಡಿಸುತ್ತಾರೆ ಎಂದು ಅಪ್ಪ ಒಂದು ತಿಂಗಳು ತಳ್ಳಿದ. ನಾನು ಬಿಡಲಿಲ್ಲ. ಕೊನೆಗೆ ಬಸ್ಸು ಹತ್ತಿಸಿಕೊಂಡು ನಾನೇ ಕರೆದುಕೊಂಡು ಹೋದೆ.

ಆಕೆ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಬಯ್ಯಲಿ, ಶಾಪ ಹಾಕಲಿ, ಮೊರದಲ್ಲೇ ಬಾರಿಸಲಿ ಎಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಆಕೆ ಮೊರ ಕೆಳಗಿಟ್ಟಳು, ಅಷ್ಟೇ.

"ಅಂಗಾರೆ ಎತ್ತಿಂದೇನೂ ಇರ್ನಿಲ್ವಾ?"

ಅಪ್ಪ ಇಲ್ಲವೆಂದು ತಲೆಯಾಡಿಸಿದ.

"ಆರು ವರ್ಸ ನಮ್ಮನೇಲಿ ದುಡೀತು. ಕಸಾಯಿಯವ್ರಿಗೆ ಹಿಡ್ಕೊಟ್ಟ ದಿವ್ಸ ಅದ್ಕೆ ನೀರೂ ಕುಡಿಸ್ನಿಲ್ಲ ನಾನು. ತಿರುಗಿ ತಿರುಗಿ ನೋಡ್ತಾ ಓಯ್ತು."

ಗಂಡನ ಮಾತನ್ನು ಆಕೆ ಎತ್ತಲೇ ಇಲ್ಲ. ಅವಳ ಕಣ್ಣು ಕೊಟ್ಟಿಗೆಯ ಖಾಲಿ ಗೂಟದ ಮೇಲಿತ್ತು. ನಾವು ಬಂದ ದಾರಿಯಲ್ಲೇ ವಾಪಸ್ಸು ನಡೆದೆವು.

ನನಗೆ ಒಳ್ಳೆಯ ಅಂಕ ಬಂತು. ನಾಗಮಂಗಲದಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ತಪ್ಪೊಪ್ಪಿಕೊಂಡರೆ ಜೀವ ಹಗುರಾಗುತ್ತದೆ ಎಂದು ಮಕ್ಕಳು ಬರೆದಾಗಲೆಲ್ಲ ನನ್ನ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತದೆ. ಆಮೇಲೆ ರೈಟ್ ಹಾಕುತ್ತೇನೆ, ಬರೆದದ್ದು ಸುಳ್ಳೇನಲ್ಲ. ಅವತ್ತಿನಿಂದ ಅಪ್ಪ ಚೆನ್ನಾಗಿ ನಿದ್ದೆ ಮಾಡಿದ. ಆಕೆ ಮಾಡಿದಳೋ ಇಲ್ಲವೋ ಎಂದು ಕೇಳಲು ನಾನು ಮತ್ತೆ ಆ ಊರಿಗೆ ಹೋಗಲಿಲ್ಲ.