ಗೇಮ್ ಫ್ರೀ, ಬೂತಾಯಿಗೆ ದುಡ್ಡು

"ಸರ್, ಮೆಷಿನ್‌ನಲ್ಲಿ ಕಂಪೆನಿಗೆ ಲಾಭ ಇಲ್ಲ. ಲಾಭ ಎಲ್ಲ ಮತ್ತೆ ನೀವು ತಗೊಳ್ಳುವ ಗೇಮಿನಲ್ಲಿ" ಅಂತ ಇವತ್ತು ಮಗಳಿಗೆ ಮೆಷಿನ್ ತಗೊಳ್ಳುವಾಗ ವಿಡಿಯೋ ಗೇಮ್ ಅಂಗಡಿಯವ ಗುಟ್ಟು ಹೇಳಿದ.

ನಗು ಬಂತು ಮಾರಾಯ್ರೆ. ಎಂಬತ್ತರ ದಶಕದಲ್ಲಿ ನಮ್ಮ ಉಳ್ಳಾಲದಲ್ಲಿ ಮೀನು ಮಾರುತ್ತಿದ್ದ ಕಲ್ಯಾಣಕ್ಕ ಮಾಡಿದ್ದೂ ಅದನ್ನೇ. ಅವರ ತಮ್ಮ ದುಬೈಯಿಂದ ಟಿವಿ ಗೇಮ್ ತಂದಿದ್ದ. ಎದುರುಮನೆಯ ಶೆಟ್ರು ತಮ್ಮಲ್ಲಿದ್ದ ಗೇಮಿಗೆ ಗಂಟೆಗೊಂದು ರೂಪಾಯಿ ಕೇಳಿದರೆ, ಕಲ್ಯಾಣಕ್ಕನಲ್ಲಿ ಪೂರ್ತಿ ಫ್ರೀ.

"ಆಡು ಮಗಾ. ಆದ್ರೆ ನಿನ್ನಮ್ಮ ಮೀನು ನನ್ನತ್ರವೇ ತಗೊಳ್ಬೇಕು."

ಮೀನು ಕೊಯ್ದ ಕೈಯಲ್ಲೇ ರಿಮೋಟ್ ಹಿಡಿದು ಅವರೂ ಒಂದು ಆಟ ಆಡುತ್ತಿದ್ದರು. ತಿಂಗಳೊಳಗೆ ಶೆಟ್ರ ಮಗನೇ ಅಲ್ಲಿಗೆ ಆಡಲು ಬಂದ. ಶೆಟ್ರ ಮನೆಯಲ್ಲೂ ಕಲ್ಯಾಣಕ್ಕನದ್ದೇ ಬೂತಾಯಿ ಮೀನು.

ಸಂಜೆ ಹೊಸ ಪೆಟ್ಟಿಗೆ ಬಿಚ್ಚಿ ರಿಮೋಟ್ ಮೂಸಿದೆ.

"ಎಂತ ಪಪ್ಪ?" ಅಂತ ಮಗಳು ಕೇಳಿದಳು.

ಬರೀ ಪ್ಲಾಸ್ಟಿಕ್ ವಾಸನೆ. ಇಷ್ಟು ದುಡ್ಡು ಕೊಟ್ಟೂ ಮೀನಿನ ವಾಸನೆ ಇಲ್ಲ.