ಟಿ.ಸಿ. ಹಿಂದಕ್ಕೆ ಪಡೆದ ಸಣ್ಣತಿಮ್ಮಯ್ಯನವರು

ಕಾಲೇಜೆಂದರೆ ಪ್ರಾಂಶುಪಾಲರ ಗಾಂಭೀರ್ಯ, ಅಧ್ಯಾಪಕರ ಪಾಂಡಿತ್ಯ ಎಂದಷ್ಟೇ ತಿಳಿದವರು ಜುಲೈ ತಿಂಗಳಲ್ಲಿ ಒಂದು ದಿನ ತಿಪಟೂರಿನ ನಮ್ಮ ಕಾಲೇಜಿನ ಪ್ರವೇಶ ವಿಭಾಗದ ಕಿಟಕಿಯ ಮುಂದೆ ನಿಂತು ನೋಡಬೇಕಿತ್ತು. ಆ ಕಿಟಕಿಯ ಹಿಂದೆ ಇಪ್ಪತ್ತೇಳು ವರ್ಷ ಕುಳಿತು, ಈ ಮಾರ್ಚಿ ತಿಂಗಳಲ್ಲಿ ನಿವೃತ್ತರಾದವರು ಶ್ರೀ ಸಣ್ಣತಿಮ್ಮಯ್ಯನವರು. ಪದವಿ ತರಗತಿಗೆ ಹೊಸದಾಗಿ ಸೇರುವವರ ದಾರಿ ನೇರ. ಅದನ್ನು ಯಾರು ಬೇಕಾದರೂ ತೋರಿಸಿಯಾರು. ಸಂಜೆಯ ಸರ್ಟಿಫಿಕೇಟ್ ಕೋರ್ಸಿಗೆ ಬರುವ ನೌಕರಸ್ಥರು, ಪದವಿ ಬೇಡ, ಒಂದು ವಿಷಯವನ್ನಷ್ಟೇ ಓದುತ್ತೇನೆನ್ನುವವರು, ಓದನ್ನು ಅರ್ಧಕ್ಕೆ ಬಿಟ್ಟು ವರ್ಷಗಳ ಮೇಲೆ ಮರಳಿ ಬರುವವರು, ಇವರಿಗೆಲ್ಲ ಅನ್ವಯಿಸುವ ನಿಯಮಗಳನ್ನು ಬಲ್ಲವರು ವಿರಳ. ಆ ವಿರಳರಲ್ಲಿ ಸಣ್ಣತಿಮ್ಮಯ್ಯನವರು ಮೊದಲಿಗರು ಎಂದರೆ ಅದು ಉಪಚಾರದ ಮಾತಲ್ಲ.

ದಂಡಿನಶಿವರದ ರೈತಾಪಿ ಮನೆತನದಲ್ಲಿ ಹುಟ್ಟಿದ ಅವರು ೧೯೬೨ರಲ್ಲಿ ಗುಮಾಸ್ತರಾಗಿ ಕಾಲೇಜಿಗೆ ಬಂದರು. ಸಿಡುಕರೆಂದು ಹೆಸರಾಗಿದ್ದರು, ಸುಳ್ಳೇಕೆ, ಸಿಡುಕರೇ ಆಗಿದ್ದರು. ಅರಳಗುಪ್ಪೆಯ ಪಂಚಾಯಿತಿ ವಾಚನಾಲಯ ನೋಡಿಕೊಳ್ಳುತ್ತಿದ್ದ ಲಕ್ಕಯ್ಯ ೧೯೭೪ರಲ್ಲಿ ಗ್ರಂಥಾಲಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಲು ಬಂದಾಗ, ಪಿ.ಯು.ಸಿ. ಆಗಿಲ್ಲವೆಂದು ಎಲ್ಲರೂ ವಾಪಸು ಕಳಿಸಿದ್ದರು. ಸಣ್ಣತಿಮ್ಮಯ್ಯನವರು, ಅರ್ಜಿಯನ್ನು ಚಿತ್ತುಕಾಟು ಮಾಡಿದ್ದಕ್ಕೆ ಅವನನ್ನು ಚೆನ್ನಾಗಿ ಬೈದರು. ಆಮೇಲೆ ಬೆಂಚಿನ ಮೇಲೆ ಕೂರಿಸಿ ನಿಯಮಾವಳಿ ಬಿಚ್ಚಿದರು. ‘ಅಥವಾ ಮೂರು ವರ್ಷದ ಗ್ರಂಥಾಲಯ ಅನುಭವ’ ಎಂಬ ಸಾಲನ್ನು ಯಾರೂ ಪುಟ ತಿರುವಿ ಓದಿರಲಿಲ್ಲ. ಲಕ್ಕಯ್ಯ ಅದೇ ದಿನ ಸೇರಿದ. ನಿಯಮವನ್ನು ಯಾರಿಗಾಗಿಯೂ ಸಡಿಲಿಸಬಾರದು, ಇಲ್ಲದ ನಿಯಮವನ್ನು ಯಾರ ಮೇಲೂ ಹೇರಬಾರದು ಎಂಬ ಅವರ ಹಟ ಅಂಥದ್ದು.

ಆ ಹಟ ಅವರನ್ನೇ ಪರೀಕ್ಷೆಗೆ ನಿಲ್ಲಿಸಿದ್ದು ೧೯೮೪ರ ಜುಲೈನಲ್ಲಿ.

ಚಿಕ್ಕನಾಯಕನಹಳ್ಳಿಯ ಬಸ್ಸಿಳಿದು ಬಂದ ಗಿರಿಜಾಂಬಿಕಾ ಎಂಬ ಗೃಹಿಣಿ ಕಿಟಕಿಯ ಮುಂದೆ ನಿಂತು, ಅಂತಿಮ ಬಿ.ಎ.ಗೆ ಸೇರಬೇಕೆಂದರು. ಆರು ವರ್ಷದ ಹಿಂದೆ ಇದೇ ಕಾಲೇಜಿನಲ್ಲಿ ಎರಡನೆಯ ವರ್ಷ ಮುಗಿಸಿ, ಮದುವೆಯಾಗಿ ಹೋದವರು. ಮಧ್ಯದಲ್ಲಿ ಬಿಟ್ಟವರು ಆರು ವರ್ಷದೊಳಗೆ ಬಂದರೆ ಬಿಟ್ಟ ಕಡೆಯಿಂದಲೇ ಮುಂದುವರಿಯಬಹುದೆಂದು ನಿಯಮವಿತ್ತು. ಅವರ ಗಡುವು ಆ ಜುಲೈ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಆದರೆ ವರ್ಗಾವಣೆ ಪತ್ರ, ಎಂದರೆ ಟಿ.ಸಿ., ಪಡೆದು ಹೋದವರ ಹೆಸರನ್ನು ಕಾಲೇಜಿನ ಪಟ್ಟಿಯಿಂದ ಹೊಡೆದುಹಾಕಲಾಗುತ್ತದೆ. ಅಂಥವರು ಮೊದಲ ವರ್ಷದಿಂದಲೇ ಶುರು ಮಾಡಬೇಕು. ದಾಖಲೆ ಪುಸ್ತಕ ನೋಡಿದರೆ ಗಿರಿಜಾಂಬಿಕಾ ಅವರ ಹೆಸರಿನ ಮುಂದೆ ‘ಟಿ.ಸಿ. ಕೊಡಲಾಗಿದೆ’ ಎಂದಿತ್ತು.

“ಮೊದಲ್ನೇ ವರ್ಷದಿಂದ ಅಂದ್ರೆ ನನ್ ಕೈಲಾಗಲ್ಲ ಸಾರ್. ಮಗೂನ ಒಂದು ವರ್ಷ ನೋಡ್ಕತೀನಿ ಅಂತ ಅತ್ತೆ ಒಪ್ಪವ್ರೆ. ಮೂರು ವರ್ಷ ಅಂತ ಹೋಗಿ ಹೆಂಗೆ ಕೇಳ್ಲಿ?”

“ರೂಲ್ಸು ಬರೆದೋನು ನಾನಲ್ಲ ಕಣಮ್ಮ. ಟಿ.ಸಿ. ಯಾಕ್ ತಗಂಡ್ರಿ ಮತ್ತೆ?”

“ನಾವೆಲ್ಲಿ ಕೇಳಿದ್ವಿ ಸಾರ್? ನಮ್ಮಪ್ಪ ಮಾರ್ಕ್ಸ್ ಕಾರ್ಡ್ ಕೇಳಿದ್ರು. ಟಿ.ಸಿ. ಕೊಟ್ಟೋರು ನೀವು.”

ಜಾತಕದ ಮಾತನ್ನು ನೆಚ್ಚದ ಗಂಡಿನ ಕಡೆಯವರು ಹುಡುಗಿಯ ಹುಟ್ಟಿದ ತಾರೀಖಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನೇ ಕೇಳುವ ರೂಢಿ ಆಗ ಈ ಸೀಮೆಯಲ್ಲಿತ್ತು. ಮೂಲ ಅಂಕಪಟ್ಟಿಯೋ, ಕಾಲೇಜಿನ ಬೀರುವಿನಲ್ಲಿ. ಅದನ್ನು ಕೇಳಿಕೊಂಡು ಬಂದವರಿಗೆಲ್ಲ ಕಚೇರಿಯವರು ಟಿ.ಸಿ.ಯನ್ನೂ ಸೇರಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಹೆಣ್ಣುಮಗಳು ಮದುವೆಯಾದ ಮೇಲೆ ಮತ್ತೆಲ್ಲಿ ಓದಲು ಬರುತ್ತಾಳೆ ಎಂಬ ತಾತ್ಸಾರ, ಇನ್ನೇನು!

ಸಣ್ಣತಿಮ್ಮಯ್ಯನವರು ಅಂದೇ ಹಳೆಯ ಕಡತ ಹುಡುಕಿಸಿದರು. ಗಿರಿಜಾಂಬಿಕಾ ಅವರ ತಂದೆಯ ಅರ್ಜಿ ಸಿಕ್ಕಿತು: ‘ಮಗಳ ವಯಸ್ಸಿನ ದಾಖಲೆಗಾಗಿ ಅಂಕಪಟ್ಟಿ ದಯಪಾಲಿಸಬೇಕು.’ ಟಿ.ಸಿ.ಯ ಸೊಲ್ಲೇ ಇರಲಿಲ್ಲ. ಅಂಚಿನಲ್ಲಿ ‘ಟಿ.ಸಿ. ಸಹಿತ ಕೊಡಲಾಗಿದೆ’ ಎಂಬ ಒಕ್ಕಣೆ ಸ್ವತಃ ಸಣ್ಣತಿಮ್ಮಯ್ಯನವರ ಕೈಬರಹದಲ್ಲಿತ್ತು. ಅವರಿಗೆ ನಾಚಿಕೆಯಾಯಿತು, ತಮ್ಮ ಮೇಲೆಯೇ ಕೋಪ ಬಂತು.

ಕಾಲೇಜಿನ ತಪ್ಪಿನಿಂದ ಕೊಟ್ಟ ಟಿ.ಸಿ.ಯನ್ನು ಬೇರೆಲ್ಲೂ ಬಳಸದಿದ್ದರೆ, ವಿಶ್ವವಿದ್ಯಾಲಯದ ಒಪ್ಪಿಗೆ ಪಡೆದು ರದ್ದುಮಾಡಬಹುದಿತ್ತು. ಅದಕ್ಕೆ ಎರಡು ಷರತ್ತು: ಮೂಲ ಟಿ.ಸಿ. ಹಿಂದಿರುಗಬೇಕು; ತಪ್ಪು ಮಾಡಿದ ನೌಕರ ಅದನ್ನು ಬರೆದು ಸಹಿ ಹಾಕಿ ಒಪ್ಪಿಕೊಳ್ಳಬೇಕು. ಆ ವರ್ಷವೇ ಸಣ್ಣತಿಮ್ಮಯ್ಯನವರ ಹೆಸರು ಸೂಪರಿಂಟೆಂಡೆಂಟ್ ಬಡ್ತಿಯ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಅಂದಿನ ಪ್ರಾಂಶುಪಾಲರಾದ ಮಲ್ಲಿಕಾರ್ಜುನಯ್ಯನವರು ಅವರ ಹಿತ ಬಯಸಿಯೇ ಒಳಗೆ ಕರೆದು ಹೇಳಿದರು.

“ಅಕ್ಟೋಬರಿನಲ್ಲಿ ಬಡ್ತಿ ಆಗ್ತದೆ. ಆಮೇಲೆ ಬರೀರಿ, ಅವಸರ ಏನಿದೆ?”

“ಆಮೇಲೆ ಬರೆದ್ರೆ ಆಯಮ್ಮನ ಗಡುವು ಮುಗಿದೋಗಿರ್ತದೆ ಸಾರ್.”

“ನಿಮ್ಮ ಬಡ್ತಿ?”

“ತಪ್ಪು ಮಾಡಿದ್ದು ನಾನು. ಆಯಮ್ಮ ಯಾಕೆ ಮೂರು ವರ್ಷ ದಂಡ ಕಟ್ಟಬೇಕು?”

ಪ್ರಾಂಶುಪಾಲರು ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ಟಿ.ಸಿ.ಯನ್ನು ಗಿರಿಜಾಂಬಿಕಾ ಅವರ ಮಾವ ತೋಂಟದಾರ್ಯರು ಖುದ್ದಾಗಿ ತಂದರು. ಟ್ರಂಕಿನ ತಳದಲ್ಲಿದ್ದ ಕಾಗದ ಮಡಿಕೆಯಲ್ಲಿ ಸೀಳಿತ್ತು. “ಇದ್ರಿಂದ ಇಷ್ಟು ಪಜೀತಿ ಆಯ್ತದೆ ಅಂತ ಗೊತ್ತಿದ್ರೆ, ಹುಡುಗಿ ವಯಸ್ಸು ಬಾಯಲ್ಲೇ ಕೇಳಿ ಸುಮ್ನಾಗ್ತಿದ್ದೆ ಕಣ್ರೀ,” ಎಂದು ಆ ಹಿರಿಯರು ನೊಂದುಕೊಂಡರು. ಸಣ್ಣತಿಮ್ಮಯ್ಯನವರು ತಪ್ಪೊಪ್ಪಿಗೆಯನ್ನು ನಾಲ್ಕೇ ಸಾಲಿನಲ್ಲಿ ಬರೆದರು. ‘ಅರ್ಜಿದಾರರು ಕೇಳದ ಟಿ.ಸಿ.ಯನ್ನು ನಾನು ಅರ್ಜಿ ಸರಿಯಾಗಿ ಓದದೆ ಕೊಟ್ಟಿರುತ್ತೇನೆ’ ಎಂಬುದು ಅದರ ಸಾರ.

ಅಂಚೆಗೆ ಹಾಕಿದರೆ ತಿಂಗಳು ಹಿಡಿದೀತೆಂದು ತಾವೇ ರೈಲು ಹತ್ತಿದರು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮೊದಲ ಸಲ ಸಾಹೇಬರು ರಜೆ. ಎರಡನೆಯ ಸಲ ಕಡತ ಇನ್ನೊಂದು ಮೇಜಿನಲ್ಲಿ. ಮೂರನೆಯ ಸಲ, ಜುಲೈ ಮೂವತ್ತರಂದು, ಬೆಳಿಗ್ಗೆ ಹತ್ತಕ್ಕೆ ಹೋಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತವರು ಊಟಕ್ಕೂ ಏಳಲಿಲ್ಲ. “ನಾಳೆ ಬನ್ರೀ,” ಎಂದವರಿಗೆ, “ನಾಳೆ ಬತ್ತೀನಿ, ಆದ್ರೆ ನಾಳೆ ಆ ಹೆಣ್ಮಗಳು ಕಾಲೇಜಿನ ಕಿಟಕಿ ಮುಂದೆ ನಿಂತಿರ್ತಾಳೆ. ಏನಂತ ಹೇಳ್ಲಿ, ನೀವೇ ಬರಕೊಡಿ,” ಎಂದರು. ನಾಲ್ಕೂವರೆಗೆ ಆದೇಶಕ್ಕೆ ಸಹಿ ಬಿತ್ತು. ಮರುದಿನ ಗಿರಿಜಾಂಬಿಕಾ ಅಂತಿಮ ಬಿ.ಎ. ಹಾಜರಿ ಪುಸ್ತಕ ಸೇರಿದರು.

ಒಪ್ಪಿಕೊಂಡ ತಪ್ಪಿಗೆ ಶಿಕ್ಷೆಯೂ ಬಂತು. ‘ಕರ್ತವ್ಯದಲ್ಲಿ ಅಲಕ್ಷ್ಯ’ ಎಂದು ಅವರ ಸೇವಾ ಪುಸ್ತಕದಲ್ಲಿ ಷರಾ ಬರೆಯಲಾಯಿತು. ಬಡ್ತಿ ಅವರಿಗಿಂತ ಕಿರಿಯರ ಪಾಲಾಯಿತು. “ಬ್ಯಾರೆಯೋರು ತಪ್ಪು ಮಾಡಿ ಮುಚ್ಕತಾರೆ. ನಮ್ಮನೆಯೋರು ರೈಲು ಹತ್ಕಂಡು ಹೋಗಿ ಒಪ್ಕಂಡು ಬತ್ತಾರೆ ಕಣವ್ವ,” ಎಂದು ಶ್ರೀಮತಿ ಭೂತಮ್ಮನವರು ನೆರೆಯವರ ಹತ್ತಿರ ಗೊಣಗಿದರಂತೆ. ಗೊಣಗುವಾಗ ಅವರ ಮುಖದಲ್ಲಿ ಹೆಮ್ಮೆಯಿತ್ತೆಂದು ಕೇಳಿದವರು ಹೇಳುತ್ತಾರೆ. ಬಡ್ತಿಯ ಸರದಿ ಮತ್ತೆ ಬರುವವರೆಗೆ ಮೂರು ವರ್ಷ ಸಣ್ಣತಿಮ್ಮಯ್ಯನವರು ತಾವು ಕೆಲಸ ಕಲಿಸಿದವರ ಕೈಕೆಳಗೇ ದುಡಿದರು, ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಂದಿನಿಂದ ಅಂಕಪಟ್ಟಿ ಕೇಳಿದವರಿಗೆ ರಸೀತಿ ಬರೆಸಿಕೊಂಡು ಅಂಕಪಟ್ಟಿಯನ್ನಷ್ಟೇ ಕೊಡುವ ಪದ್ಧತಿ ತಂದರು. “ಮದುವೆಗೋ, ಬೇರೆ ಕಾಲೇಜಿಗೋ?” ಎಂದು ಕಿಟಕಿಯಿಂದ ಗದರಿಸಿ ಕೇಳುತ್ತಿದ್ದರು. ಹಾಗೆ ಹೆಸರು ಉಳಿದುಕೊಂಡ ಹನ್ನೊಂದು ಹೆಣ್ಣುಮಕ್ಕಳು ಮರಳಿ ಬಂದು ಪದವಿ ಮುಗಿಸಿದ್ದಾರೆ. ಗಿರಿಜಾಂಬಿಕಾ ಅವರು ಬಿ.ಎಡ್. ಕೂಡ ಮಾಡಿ ಈಗ ಚಿಕ್ಕನಾಯಕನಹಳ್ಳಿಯಲ್ಲಿ ಪ್ರೌಢಶಾಲೆಯ ಅಧ್ಯಾಪಕಿ.

ನಿವೃತ್ತಿಗೆ ತಿಂಗಳಿರುವಾಗ ಆಡಳಿತ ಮಂಡಳಿಯವರು ಔದಾರ್ಯದಿಂದ, ಆ ಷರಾವನ್ನು ತೆಗೆದುಹಾಕುತ್ತೇವೆ, ತಪ್ಪೇ ನಡೆದಿಲ್ಲವೆಂದು ಠರಾವು ಮಾಡುತ್ತೇವೆ ಎಂದರು. ನಮಗೆಲ್ಲ ಸಂತೋಷವಾಯಿತು. ಸಣ್ಣತಿಮ್ಮಯ್ಯನವರು ಗಾಬರಿಯಿಂದ ಎದ್ದು ನಿಂತರು.

“ಬ್ಯಾಡಿ ಸಾರ್. ನಂದು ತಪ್ಪಿಲ್ಲ ಅಂತ ಬರೆದ್ರೆ ಆ ಟಿ.ಸಿ. ಸರಿಯಾಗೇ ಕೊಟ್ಟಂಗಾಯ್ತದೆ. ನಾಳೆ ಯಾರಾದ್ರೂ ಆಯಮ್ಮನ ಡಿಗ್ರೀನೇ ಸರಿಯಿಲ್ಲ ಅಂದಾರು. ಅದು ಅಲ್ಲೇ ಇರ್ಲಿ ಬುಡಿ.”

ಷರಾ ಇಂದಿಗೂ ಅಲ್ಲೇ ಇದೆ. ದಂಡಿನಶಿವರದ ಅವರ ಮನೆಯ ಜಗುಲಿಗೆ ಈಗಾಗಲೇ ಅರ್ಜಿ ಹಿಡಿದವರು ಬರತೊಡಗಿದ್ದಾರೆಂದು ಕೇಳಿದ್ದೇವೆ. ಶ್ರೀಯುತರಿಗೂ ಶ್ರೀಮತಿ ಭೂತಮ್ಮನವರಿಗೂ ಭಗವಂತ ಆಯುರಾರೋಗ್ಯವನ್ನು ಕರುಣಿಸಲಿ. ಓದು ಬಿಟ್ಟವರು ಇನ್ನೂ ಬಹುಕಾಲ ಅವರಿಂದ ಬೈಸಿಕೊಂಡು ಕಾಲೇಜಿಗೆ ಮರಳುವಂತಾಗಲಿ.